ಎರಡು ಕತ್ತಿ, ಕಣ್ಣಿಗೆ ಬಟ್ಟೆ: ಟ್ಯಾರೋದ ‘ಟೂ ಆಫ್ ಸ್ವೋರ್ಡ್ಸ್’ ಕಾರ್ಡನ್ನು ಓದುವ ಬಗೆ

ತುಮಕೂರಿನ ನಮ್ಮ ಮನೆಗೆ ಭಾನುವಾರ ಮಧ್ಯಾಹ್ನ ಒಬ್ಬಿಬ್ಬರು ಟ್ಯಾರೋ ಕಾರ್ಡು ಕೇಳಲು ಬರುತ್ತಾರೆ. ಟ್ಯಾರೋ ಅಂದರೆ 78 ಚಿತ್ರದ ಕಾರ್ಡುಗಳ ಒಂದು ಕಟ್ಟು, ಅದರಿಂದ ಕಾರ್ಡು ಎಳೆದು ಅರ್ಥ ಹೇಳುತ್ತಾರೆ. ಅಕ್ಕಪಕ್ಕದವರು, ಅವರ ನೆಂಟರು, ನೆಂಟರ ಆಫೀಸಿನವರು. ದುಡ್ಡು ತಗೊಳ್ಳುವುದಿಲ್ಲ, ಕಾಫಿ ಕುಡಿದು ಹೋಗುತ್ತಾರೆ. ‘ನನ್ನ ಭವಿಷ್ಯ ಹೇಳಿ’ ಅಂತ ಬರುವವರು ತೀರಾ ಕಡಿಮೆ. ಹೆಚ್ಚಿನವರದ್ದು ‘ಇದಾ, ಅದಾ’ ಅನ್ನುವ ಪ್ರಶ್ನೆ. ಬೆಂಗಳೂರಿನ ಕೆಲಸ ಒಪ್ಪಿಕೊಳ್ಳಲಾ, ಇಲ್ಲೇ ಇರಲಾ? ಮಗಳನ್ನು ಪಿಯುಸಿಗೆ ಸೈನ್ಸ್ ಸೇರಿಸಲಾ, ಕಾಮರ್ಸ್ ಸೇರಿಸಲಾ? ತೋಟ ಮಾರಲಾ, ಇಟ್ಟುಕೊಳ್ಳಲಾ?

ಇಂಥ ಪ್ರಶ್ನೆಗೆಂದೇ ಮಾಡಿಟ್ಟ ಹಾಗೆ ಟ್ಯಾರೋದಲ್ಲಿ ಒಂದು ಕಾರ್ಡಿದೆ. ಅದೇ ಟೂ ಆಫ್ ಸ್ವೋರ್ಡ್ಸ್, ಎರಡು ಕತ್ತಿಗಳ ಕಾರ್ಡು. ಅದು ಬಂದ ಕೂಡಲೇ ಎದುರಿಗಿದ್ದವರ ಮುಖ ಸಪ್ಪಗಾಗುತ್ತದೆ. ‘ಅಯ್ಯೋ, ಉತ್ತರ ಬರಲಿಲ್ಲವಲ್ಲ’ ಅನ್ನುತ್ತಾರೆ. ನನ್ನ ಮಟ್ಟಿಗೆ 78 ಕಾರ್ಡುಗಳಲ್ಲಿ ಇಷ್ಟು ಉಪಕಾರಿ ಕಾರ್ಡು ಇನ್ನೊಂದಿಲ್ಲ. ಅದನ್ನು ಹೇಗೆ ಓದುವುದು ಅಂತ ನಿಧಾನವಾಗಿ ಹೇಳುತ್ತೇನೆ. ಕೈಯಲ್ಲಿ ಕಾರ್ಡಿನ ಕಟ್ಟು ಇದ್ದರೆ ಪಕ್ಕದಲ್ಲಿಟ್ಟುಕೊಳ್ಳಿ.

ಮೊದಲು ಚಿತ್ರ, ಪುಸ್ತಕ ಆಮೇಲೆ

ಕಾರ್ಡು ಎಳೆದ ತಕ್ಷಣ ಅರ್ಥ ಹುಡುಕಲು ಹೋಗಬೇಡಿ. ಎರಡು ನಿಮಿಷ ಸುಮ್ನೆ ಚಿತ್ರ ನೋಡಿ.

ಕಲ್ಲಿನ ಆಸನದ ಮೇಲೆ ಒಬ್ಬಳು ಹೆಂಗಸು ನಮ್ಮ ಕಡೆ ಮುಖ ಮಾಡಿ ಕೂತಿದ್ದಾಳೆ. ಬಿಳಿಯ ಉದ್ದನೆ ಉಡುಪು. ಕಣ್ಣಿಗೆ ಬಟ್ಟೆ ಕಟ್ಟಿದೆ. ಎರಡು ಕೈಯನ್ನೂ ಎದೆಯ ಮೇಲೆ ಅಡ್ಡಡ್ಡ ಇಟ್ಟು, ಒಂದೊಂದು ಕೈಯಲ್ಲಿ ಒಂದೊಂದು ಉದ್ದನೆಯ ಕತ್ತಿ ಎತ್ತಿ ಹಿಡಿದಿದ್ದಾಳೆ. ಬೆನ್ನ ಹಿಂದೆ ನೀರು, ನೀರಿನಲ್ಲಿ ಬಂಡೆಗಳು. ಆಕಾಶದಲ್ಲಿ ಎಳೆ ಚಂದ್ರ.

ಈಗ ಅಡುಗೆಮನೆಯಿಂದ ಎರಡು ಸೌಟು ತನ್ನಿ. ಅವಳ ಹಾಗೇ ಕೂತು ಕಣ್ಣು ಮುಚ್ಚಿ. ತಮಾಷೆಗೆ ಹೇಳುತ್ತಿಲ್ಲ, ನಿಜವಾಗಿಯೂ ಮಾಡಿ. ಸ್ವಲ್ಪ ಹೊತ್ತಿಗೆಲ್ಲ ಭುಜ ಸೋಲುತ್ತದೆ. ಮೂಗು ತುರಿಸಿದರೆ ಕೆರೆದುಕೊಳ್ಳಲು ಕೈಯಿಲ್ಲ. ಯಾರಾದರೂ ಬಂದು ತಬ್ಬಿಕೊಳ್ಳೋಣ ಅಂದರೂ ಹತ್ತಿರ ಬರುವ ಹಾಗಿಲ್ಲ, ಎದೆಗೆ ಅಡ್ಡವಾಗಿ ಕೈಯಿದೆ. ಹೊರಗಿನಿಂದ ನೋಡುವವರಿಗೆ ಮಾತ್ರ ನೀವು ತುಂಬಾ ಶಾಂತವಾಗಿ ಕೂತಿದ್ದೀರಿ.

ಹೀಗೆ ಕೂತಾಗಲೇ ನನಗೆ ಈ ಕಾರ್ಡಿನ ಗುಟ್ಟು ಹೊಳೆದದ್ದು. ಕಣ್ಣಿನ ಬಟ್ಟೆ ಬಿಚ್ಚಬೇಕಾದರೆ ಕೈ ಖಾಲಿ ಬೇಕು. ಕೈ ಖಾಲಿ ಆಗಬೇಕಾದರೆ ಮೊದಲು ಒಂದು ಕತ್ತಿಯನ್ನು ಕೆಳಗಿಡಬೇಕು. ಯಾವ ಕತ್ತಿ ಸರಿ ಅಂತ ತೀರ್ಮಾನ ಮಾಡುವ ಮಾತು ಅದಾದ ಮೇಲೆ. ನಾವು ಇದನ್ನು ತಿರುಗುಮುರುಗು ಮಾಡುತ್ತೇವೆ: ಎರಡನ್ನೂ ಬಿಗಿಯಾಗಿ ಹಿಡಿದುಕೊಂಡು, ಕಣ್ಣು ಮುಚ್ಚಿಕೊಂಡು, ಯಾವುದು ಒಳ್ಳೆಯದು ಅಂತ ವರ್ಷಗಟ್ಟಲೆ ಕೇಳುತ್ತಾ ಕೂರುತ್ತೇವೆ.

ಈ ಚಿತ್ರ ಎಲ್ಲಿಂದ ಬಂತು

ಟ್ಯಾರೋ ಹುಟ್ಟಿದ್ದು 15ನೇ ಶತಮಾನದ ಉತ್ತರ ಇಟಲಿಯಲ್ಲಿ, ಇಸ್ಪೀಟಿನ ಹಾಗೆ ಆಡುವ ಆಟವಾಗಿ. ಅದನ್ನು ಶಕುನ ನೋಡಲು ಬಳಸುವ ಪದ್ಧತಿ ಬಲವಾದದ್ದು 1780ರ ದಶಕದ ಫ್ರಾನ್ಸಿನಲ್ಲಿ. ನಾವು ಈಗ ಹೆಚ್ಚಾಗಿ ಬಳಸುವ ಕಟ್ಟು 1909ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಯೋಜನೆ ಆರ್ಥರ್ ಎಡ್ವರ್ಡ್ ವೇಟ್ ಅವರದ್ದು, ಚಿತ್ರಗಳು ಪಮೇಲಾ ಕೋಲ್ಮನ್ ಸ್ಮಿತ್ ಅವರವು. ಕೆಲಸ ದೊಡ್ಡದು, ಸಿಕ್ಕ ದುಡ್ಡು ತೀರಾ ಕಡಿಮೆ ಅಂತ ಪಮೇಲಾ ಆ ವರ್ಷವೇ ಒಂದು ಕಾಗದದಲ್ಲಿ ಬರೆದುಕೊಂಡಿದ್ದರು. ಎಷ್ಟೋ ಕಾಲ ಆ ಕಟ್ಟಿಗೆ ಪ್ರಕಾಶಕರಾದ ರೈಡರ್ ಹೆಸರು, ವೇಟ್ ಹೆಸರು ಮಾತ್ರ ಇತ್ತು. ಪಮೇಲಾ ಅವರ ಹೆಸರನ್ನೂ ಸೇರಿಸಿ ‘ರೈಡರ್-ವೇಟ್-ಸ್ಮಿತ್’ ಅನ್ನುವುದು ಈಚೆಗೆ ರೂಢಿಯಾಗಿದೆ. ನನಗೆ ಅದು ನ್ಯಾಯ ಅನ್ನಿಸುತ್ತದೆ. ಈ ಹೆಂಗಸನ್ನು ಆ ಕಲ್ಲಿನ ಮೇಲೆ ಕೂರಿಸಿದ್ದು ಅವರ ಕೈ.

ಅದಕ್ಕೂ ಹಳೆಯ, ಫ್ರಾನ್ಸಿನ ಮಾರ್ಸೇ ಶೈಲಿಯ ಕಟ್ಟಿನಲ್ಲಿ ಇದೇ ಕಾರ್ಡಿನಲ್ಲಿ ಹೆಂಗಸಿಲ್ಲ, ಸಮುದ್ರವಿಲ್ಲ. ಎರಡು ಬಾಗಿದ ಕತ್ತಿಗಳು ಒಂದಕ್ಕೊಂದು ಅಡ್ಡ ಹಾಯುತ್ತವೆ, ನಡುವೆ ಒಂದು ಹೂವು. ಅಷ್ಟೇ.

ಅರ್ಥ: ನೇರ ಬಂದರೆ, ತಲೆಕೆಳಗಾದರೆ

ಇಸ್ಪೀಟಿನ ಹಾಗೆ ಟ್ಯಾರೋದಲ್ಲೂ ಕಾರ್ಡುಗಳ ಗುಂಪುಗಳಿವೆ. ಅದರಲ್ಲಿ ಕತ್ತಿಗಳ ಗುಂಪು ಗಾಳಿಗೆ ಸೇರಿದ್ದು. ಅಂದರೆ ಯೋಚನೆ, ಮಾತು, ವಾದ, ತೀರ್ಮಾನ. ಒಂದನೆಯ ಕಾರ್ಡಿನಲ್ಲಿ ಮೋಡದಿಂದ ಚಾಚಿದ ಕೈ ಒಂದೇ ಕತ್ತಿಯನ್ನು ನೆಟ್ಟಗೆ ಹಿಡಿದಿದೆ: ಒಂದು ಸ್ಪಷ್ಟ ಯೋಚನೆ. ಮೂರನೆಯದರಲ್ಲಿ ಮೂರು ಕತ್ತಿ ಒಂದು ಹೃದಯವನ್ನು ಚುಚ್ಚಿವೆ, ಹಿಂದೆ ಮಳೆ. ನಮ್ಮ ಕಾರ್ಡು ಇವೆರಡರ ನಡುವೆ ಇದೆ. ಇದನ್ನು ನೆನಪಿಟ್ಟುಕೊಳ್ಳಿ, ತುಂಬಾ ಉಪಯೋಗಕ್ಕೆ ಬರುತ್ತದೆ. ಆಯ್ಕೆ ಮಾಡಿದರೆ ಎಲ್ಲಿ ಎದೆಗೆ ಚುಚ್ಚುತ್ತದೋ ಅಂತಲೇ ಅವಳು ಕೈ ಅಡ್ಡ ಇಟ್ಟುಕೊಂಡಿರುವುದು.

ವೇಟ್ ಕೊಟ್ಟ ಅರ್ಥ ಈಗಿನವರಿಗೆ ಆಶ್ಚರ್ಯ ತರಬಹುದು. ಅವರು ಹೇಳಿದ್ದು ಸಮತೋಲ, ಧೈರ್ಯ, ಸ್ನೇಹ, ಆಯುಧ ಹಿಡಿದೇ ಇರುವ ಹೊಂದಾಣಿಕೆ. ತಲೆಕೆಳಗಾದರೆ ಮೋಸ, ಸುಳ್ಳು, ಎರಡು ನಾಲಿಗೆ. ವೇಟ್ ಇದ್ದ ಗೋಲ್ಡನ್ ಡಾನ್ ಅನ್ನುವ ಗುಪ್ತವಿದ್ಯೆಯ ಬಳಗ ಈ ಕಾರ್ಡನ್ನು ಶಾಂತಿಗೆ ಹೊಂದಿಸಿತ್ತು. ಗ್ರಹದ ಲೆಕ್ಕದಲ್ಲಿ ತುಲಾ ರಾಶಿಯ ಚಂದ್ರ. ನಮ್ಮವರಿಗೆ ಇದು ಬೇಗ ಅರ್ಥವಾಗುತ್ತದೆ: ಚಂದ್ರ ಮನಸ್ಸಿನ ಕಾರಕ, ತುಲಾ ಅಂದರೆ ತಕ್ಕಡಿ. ಮನಸ್ಸು ತಕ್ಕಡಿಯಲ್ಲಿ ಕೂತಿದೆ. ಆದರೆ ಇದನ್ನು ನಿಮ್ಮ ಜನ್ಮರಾಶಿಗೆ ತಳುಕು ಹಾಕಬೇಡಿ. ಪಾಶ್ಚಾತ್ಯರ ರಾಶಿಚಕ್ರಕ್ಕೂ ನಮ್ಮ ಪಂಚಾಂಗದ್ದಕ್ಕೂ ಸುಮಾರು 24 ಡಿಗ್ರಿ ವ್ಯತ್ಯಾಸವಿದೆ.

ಈಗ ಓದುವವರು ನೇರ ಕಾರ್ಡಿಗೆ ಹೆಚ್ಚಾಗಿ ಹೇಳುವುದು ಇಬ್ಬಂದಿ, ಮುಂದೂಡಿದ ತೀರ್ಮಾನ, ಕಂಡರೂ ಕಾಣದ ಹಾಗೆ ಇರುವುದು. ಹಳೆಯ ಅರ್ಥಕ್ಕೂ ಇದಕ್ಕೂ ಜಗಳವಿಲ್ಲ ಅಂತ ನನ್ನ ಅನಿಸಿಕೆ. ಮನೆಯಲ್ಲಿ ಇಬ್ಬರು ಮಾತು ಬಿಟ್ಟಾಗಲೂ ಮನೆ ಶಾಂತವಾಗಿಯೇ ಇರುತ್ತದೆ ಅಲ್ವಾ? ಅಂಥ ಶಾಂತಿ ಇದು.

ನಮ್ಮ ಕಡೆ ‘ಅಡಕತ್ತರಿಗೆ ಸಿಕ್ಕ ಅಡಿಕೆ’ ಅನ್ನುತ್ತೇವೆ. ಕಾರ್ಡು ನೋಡಿ ಎಷ್ಟೋ ಜನ ಇದೇ ಮಾತು ಹೇಳಿದ್ದಾರೆ. ನಾನು ಒಪ್ಪುವುದಿಲ್ಲ. ಅಡಿಕೆಗೆ ಕೈಯಿಲ್ಲ, ಕತ್ತರಿ ಬೇರೆಯವರ ಕೈಯಲ್ಲಿರುತ್ತದೆ. ಇಲ್ಲಿ ಎರಡು ಕತ್ತಿಯನ್ನೂ ಹಿಡಿದಿರುವವಳು ಅವಳೇ.

ತಲೆಕೆಳಗಾಗಿ ಬಂದರೆ ನಾನು ಎರಡರಲ್ಲಿ ಒಂದು ಹೇಳುತ್ತೇನೆ. ಕೈ ಸೋತು ಕತ್ತಿ ಜಾರುತ್ತಿದೆ, ಅಂದರೆ ತೀರ್ಮಾನ ತಾನಾಗಿಯೇ ಆಗಿಹೋಗುವ ಹೊತ್ತು ಬಂದಿದೆ. ಅಥವಾ ಬಟ್ಟೆ ಸಡಿಲಾಗಿ ಇಷ್ಟು ದಿನ ಕಾಣದ್ದು ಕಾಣುತ್ತಿದೆ. ಯಾರೋ ಅರ್ಧ ಸತ್ಯ ಹೇಳಿದ್ದು ಹೊರಗೆ ಬರಬಹುದು. ಯಾವುದು ಅನ್ನುವುದನ್ನು ಪಕ್ಕದ ಕಾರ್ಡು ನೋಡಿ ಹೇಳಬೇಕು.

ಪ್ರಶ್ನೆಯನ್ನು ಮೊದಲು ರಿಪೇರಿ ಮಾಡಿ

ಕಾರ್ಡು ಕಲೆಸುವ ಮುಂಚೆ ಪ್ರಶ್ನೆಯನ್ನು ಒಂದು ಹಾಳೆಯಲ್ಲಿ ಬರೆಯಿರಿ. ಬರೆದದ್ದನ್ನು ಜೋರಾಗಿ ಓದಿ.

‘ಬೆಂಗಳೂರಿಗೆ ಹೋಗಲಾ, ಬೇಡವಾ?’ ಅಂತ ಬರೆದಿದ್ದರೆ ಅದಕ್ಕೆ ಕಾರ್ಡು ಬೇಡ. ನಮ್ಮಲ್ಲಿ ದೇವರ ಹತ್ತಿರ ಹೂ ಕೇಳುವ ಪದ್ಧತಿ ಇದೆ. ಬಲಗಡೆ ಹೂ ಬಿದ್ದರೆ ಅಪ್ಪಣೆ ಆಯಿತು, ಎಡಗಡೆ ಬಿದ್ದರೆ ಇಲ್ಲ. ಹೌದು-ಇಲ್ಲ ಅನ್ನುವ ಪ್ರಶ್ನೆಗೆ ಅದೇ ಚೆಂದ, ನಂಬಿಕೆ ಇದ್ದವರಿಗೆ ಮನಸ್ಸೂ ಹಗುರಾಗುತ್ತದೆ. ಟ್ಯಾರೋ ಆ ಕೆಲಸಕ್ಕೆ ಬರುವುದಿಲ್ಲ. ಅದು ಚಿತ್ರ ತೋರಿಸಿ ನಿಮ್ಮಿಂದ ಮಾತು ಹೊರಡಿಸುತ್ತದೆ, ಅಷ್ಟೇ. ಮುಂದೆ ಏನಾಗುತ್ತದೆ ಅಂತ ಹೇಳುವ ಶಕ್ತಿ ಕಾರ್ಡಿಗಿದೆ ಅಂತ ನಾನು ಯಾರಿಗೂ ಹೇಳುವುದಿಲ್ಲ.

ಹಾಗಾಗಿ ಪ್ರಶ್ನೆಯನ್ನು ಹೀಗೆ ತಿರುಗಿಸಿ: ‘ಹೋಗುವ ವಿಚಾರದಲ್ಲಿ ನಾನು ಯಾವುದನ್ನು ನೋಡದೆ ಬಿಟ್ಟಿದ್ದೇನೆ?’ ನಮ್ಮ ಬೀದಿಯ ಒಬ್ಬ ಹುಡುಗಿ ಹೀಗೆ ತಿರುಗಿಸಿ ಬರೆದ ಕೂಡಲೇ, ಕಾರ್ಡು ಎಳೆಯುವ ಮುಂಚೆಯೇ, ‘ಆಂಟಿ, ನಾನು ಪಿಜಿ ಬಾಡಿಗೆ ಎಷ್ಟು ಅಂತಲೇ ವಿಚಾರಿಸಿಲ್ಲ’ ಅಂದಳು. ಇಲ್ಲಿಂದ ಬೆಂಗಳೂರು ಸುಮಾರು 70 ಕಿಲೋಮೀಟರು. ದಿನಾ ರೈಲಿನಲ್ಲಿ ಹೋಗಿ ಬರುವವರು ಎಷ್ಟೋ ಜನ ಇದ್ದಾರೆ. ಆ ದಾರಿಯನ್ನೂ ಅವಳು ಯೋಚಿಸಿರಲಿಲ್ಲ.

ಐದು ಕಾರ್ಡಿನ ಹಾಸು

ಹಾಸು ಅಂದರೆ ಕಾರ್ಡುಗಳನ್ನು ಒಂದು ಕ್ರಮದಲ್ಲಿ ಹರಡಿ ಇಡುವುದು. ಇದು ನಾನೇ ಬಳಸಿ ಬಳಸಿ ಮಾಡಿಕೊಂಡದ್ದು. ಎರಡು ಕತ್ತಿಗಳ ಕಾರ್ಡನ್ನು ಕಟ್ಟಿನಿಂದ ತೆಗೆದು ಮುಖ ಮೇಲೆ ಮಾಡಿ ಚಾಪೆಯ ನಡುವೆ ಇಡಿ. ಉಳಿದ 77 ಕಾರ್ಡುಗಳನ್ನು ಚೆನ್ನಾಗಿ ಕಲೆಸಿ. ಐದು ಕಾರ್ಡು ತೆಗೆಯಿರಿ.

ಒಂದನೆಯದು ಎಡಗಡೆ, ಅದು ಎಡ ಕತ್ತಿ. ಎರಡನೆಯದು ಬಲಗಡೆ, ಬಲ ಕತ್ತಿ. ಯಾವ ಕತ್ತಿ ಯಾವ ದಾರಿ ಅಂತ ಎಳೆಯುವ ಮುಂಚೆಯೇ ಹಾಳೆಯಲ್ಲಿ ಬರೆದಿಡಿ. ಇಲ್ಲದಿದ್ದರೆ ಚೆಂದದ ಕಾರ್ಡು ಬಂದ ಕಡೆಗೆ ಇಷ್ಟದ ದಾರಿಯನ್ನು ಅಂಟಿಸಿಬಿಡುತ್ತೇವೆ, ನಾನೂ ಮಾಡಿದ್ದೇನೆ. ಮೂರನೆಯದು ಮೇಲೆ, ಅದು ಕಣ್ಣಿನ ಬಟ್ಟೆ: ಯಾವುದು ಕಾಣುತ್ತಿಲ್ಲ. ನಾಲ್ಕನೆಯದು ನಡುವಿನ ಕಾರ್ಡಿನ ಹಿಂಬದಿಗೆ ಅರ್ಧ ತೂರಿಸಿ, ಅದು ಬೆನ್ನ ಹಿಂದಿನ ನೀರು: ಬೆನ್ನು ತಿರುಗಿಸಿ ಕೂತಿರುವ ದುಃಖ, ಕೋಪ, ಆಸೆ. ಐದನೆಯದು ಕೆಳಗೆ: ಕತ್ತಿ ಕೆಳಗಿಡಲು ಮೊದಲು ಏನು ಮಾಡಬೇಕು.

ಓದುವಾಗ ಮೂರನೆಯದರಿಂದ ಶುರು ಮಾಡಿ. ಎಡ-ಬಲ ಕೊನೆಗೆ.

ನಮ್ಮದೇ ಮನೆಯ ಒಂದು ಸಂಗತಿ ಹೇಳಿದರೆ ಸರಿಯಾಗಿ ತಿಳಿಯುತ್ತದೆ. ತುರುವೇಕೆರೆ ತಾಲ್ಲೂಕಿನಲ್ಲಿ ನಮ್ಮ ಅಪ್ಪನ ತೆಂಗಿನ ತೋಟ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಒಬ್ಬರೇ ಅಲ್ಲಿದ್ದರು. ಅಣ್ಣ ಬೆಂಗಳೂರಿನಲ್ಲಿ, ನಾನು ಇಲ್ಲಿ. ತೋಟ ಮಾರುವುದಾ, ಉಳಿಸಿಕೊಳ್ಳುವುದಾ ಅಂತ ಒಂದು ವರ್ಷ ಫೋನಿನಲ್ಲಿ ಮಾತಾಡಿದೆವು. ಬೋರ್‌ವೆಲ್ಲಿನಲ್ಲಿ ನೀರು ಕಡಿಮೆಯಾಗಿತ್ತು, ಕಾಯಿ ಕೀಳುವವರು ಸಿಗುತ್ತಿರಲಿಲ್ಲ. ಮಾರೋಣ ಅಂದರೆ ‘ಅಮ್ಮನಿಗೆ ಜೀವ ಅದು, ಹೇಗೆ ಮಾರುವುದು’ ಅಂತ ಇಬ್ಬರೂ ಹಿಂದೆ ಸರಿಯುತ್ತಿದ್ದೆವು.

ಒಂದು ರಾತ್ರಿ ಈ ಹಾಸು ಹಾಕಿದೆ. ಎಡ ಕತ್ತಿ ಮಾರುವುದು: ಸಿಕ್ಸ್ ಆಫ್ ಸ್ವೋರ್ಡ್ಸ್ ಬಂತು. ದೋಣಿಯಲ್ಲಿ ಹೆಂಗಸೂ ಮಗುವೂ ಬೇರೆ ದಡಕ್ಕೆ ಹೋಗುತ್ತಿದ್ದಾರೆ. ಬಲ ಕತ್ತಿ ಉಳಿಸಿಕೊಳ್ಳುವುದು: ಟೆನ್ ಆಫ್ ವ್ಯಾಂಡ್ಸ್. ಹತ್ತು ಕೋಲಿನ ಹೊರೆ ಹೊತ್ತು ಬಾಗಿ ನಡೆಯುವ ಮನುಷ್ಯ. ನೀರಿನ ಜಾಗದಲ್ಲಿ ಫೈವ್ ಆಫ್ ಕಪ್ಸ್. ಕಪ್ಪು ನಿಲುವಂಗಿ ಹೊದ್ದವನೊಬ್ಬ ಚೆಲ್ಲಿದ ಮೂರು ಬಟ್ಟಲನ್ನೇ ನೋಡುತ್ತಾ ನಿಂತಿದ್ದಾನೆ, ಹಿಂದೆ ಎರಡು ಬಟ್ಟಲು ನೆಟ್ಟಗೇ ಇವೆ. ಅಪ್ಪನ ನೆನಪು ಅಂತ ತಕ್ಷಣ ಗೊತ್ತಾಯಿತು, ಕಣ್ಣು ತುಂಬಿತು.

ಕಣ್ಣಿನ ಬಟ್ಟೆಯ ಜಾಗದಲ್ಲಿ ಬಂದದ್ದು ಕ್ವೀನ್ ಆಫ್ ಪೆಂಟಕಲ್ಸ್. ಹಸಿರು ತೋಟದ ನಡುವೆ ಕೂತು, ತಲೆ ಬಾಗಿಸಿ, ಮಡಿಲಿನ ನಾಣ್ಯವನ್ನು ನೋಡುತ್ತಿರುವ ರಾಣಿ. ಮೂಲೆಯಲ್ಲಿ ಒಂದು ಮೊಲ. ಎಷ್ಟು ಹೊತ್ತು ನೋಡಿದೆನೋ ಗೊತ್ತಿಲ್ಲ. ತೋಟದ ನಡುವೆ ಕೂತ ಹೆಂಗಸು! ವರ್ಷವಿಡೀ ಅಮ್ಮನ ಬಗ್ಗೆ ಮಾತಾಡಿದ್ದೆವು, ಅಮ್ಮನ ಹತ್ತಿರ ಮಾತಾಡಿರಲಿಲ್ಲ. ಐದನೆಯದು ಪೇಜ್ ಆಫ್ ಕಪ್ಸ್: ಬಟ್ಟಲಿನಿಂದ ತಲೆ ಎತ್ತಿದ ಮೀನಿನ ಮಾತನ್ನು ಹುಡುಗನೊಬ್ಬ ಕೇಳುತ್ತಿರುವ ಹಾಗಿದೆ. ಹೋಗಿ ಕೇಳು ಅಂತ ಅದಕ್ಕಿಂತ ನೇರವಾಗಿ ಹೇಗೆ ಹೇಳುವುದು?

ಮಾರನೆಯ ಶನಿವಾರ ಊರಿಗೆ ಹೋದೆ. ಅಮ್ಮ ಜಗಲಿಯ ಮೇಲೆ ಕಾಲು ಚಾಚಿ ಕೂತು ಅಡಿಕೆ ಕತ್ತರಿಸುತ್ತಿದ್ದರು. ಕೇಳಿದೆ. ಅಡಕತ್ತರಿ ನಿಲ್ಲಿಸದೆಯೇ ಹೇಳಿದರು: ‘ನೀವಿಬ್ರೂ ನನಗೋಸ್ಕರ ತೋಟ ಇಟ್ಕೊಂಡಿದೀವಿ ಅಂತೀರ. ನಾನು ನಿಮಗೋಸ್ಕರ ಇಲ್ಲಿ ಕೂತಿದೀನಿ ಮಗಾ. ಸಂಜೆ ಆದ್ರೆ ಮನೆ ತಿನ್ನೋಕೆ ಬರುತ್ತೆ.’

ತೋಟ ಮಾರಲಿಲ್ಲ. ನಾವೇ ನೋಡಿಕೊಳ್ಳಲೂ ಇಲ್ಲ. ಚಿಕ್ಕಪ್ಪನ ಮಗನಿಗೆ ವಾರಕ್ಕೆ, ಅಂದರೆ ಬೆಳೆಯಲ್ಲಿ ಪಾಲು ಹಂಚಿಕೊಳ್ಳುವ ಲೆಕ್ಕಕ್ಕೆ ಕೊಟ್ಟೆವು, ಅಮ್ಮ ತುಮಕೂರಿಗೆ ಬಂದರು. ಎರಡು ಕತ್ತಿ ಹಿಡಿದಿರುವಷ್ಟು ದಿನ ಈ ಮೂರನೆಯ ದಾರಿ ನಮಗೆ ಹೊಳೆದೇ ಇರಲಿಲ್ಲ. ಹಾಸು ಹಾಕಿದಾಗ ‘ಇದು ಬಿಟ್ಟು ಬೇರೆ ಏನಿದೆ’ ಅಂತ ಒಂದು ಸಲ ಬಾಯಿಬಿಟ್ಟು ಕೇಳಿ.

ಪಕ್ಕದಲ್ಲಿ ಯಾವ ಕಾರ್ಡು ಇದೆ

ಎರಡು ಕತ್ತಿಗಳ ಕಾರ್ಡು ಬೇರೆ ಯಾವುದೋ ಹಾಸಿನಲ್ಲಿ ತಾನಾಗಿ ಬಂದರೆ, ನೆರೆಯ ಕಾರ್ಡು ನೋಡಿಯೇ ಅರ್ಥ ಮಾಡಬೇಕು.

ಎಲ್ಲಕ್ಕಿಂತ ಹುಷಾರಾಗಿ ನೋಡಬೇಕಾದ್ದು ಏಯ್ಟ್ ಆಫ್ ಸ್ವೋರ್ಡ್ಸ್. ಅಲ್ಲೂ ಕಣ್ಣಿಗೆ ಬಟ್ಟೆ ಕಟ್ಟಿದ ಹೆಂಗಸಿದ್ದಾಳೆ, ಹೊಸಬರು ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ವ್ಯತ್ಯಾಸ ದೊಡ್ಡದು. ಅಲ್ಲಿ ಅವಳ ಮೈಗೂ ತೋಳಿಗೂ ಬಟ್ಟೆ ಸುತ್ತಿ ಕಟ್ಟಿದೆ, ಸುತ್ತ ಎಂಟು ಕತ್ತಿ ನೆಟ್ಟಿದೆ. ಎರಡು ಕಾರ್ಡೂ ಒಟ್ಟಿಗೆ ಬಂದರೆ ನಾನು ಆಯ್ಕೆಯ ಮಾತು ನಿಲ್ಲಿಸಿ, ‘ಮನೆಯಲ್ಲಿ ಯಾರಾದರೂ ಒತ್ತಾಯ ಮಾಡುತ್ತಿದ್ದಾರಾ?’ ಅಂತ ಮೆಲ್ಲಗೆ ಕೇಳುತ್ತೇನೆ. ಮದುವೆಯ ವಿಷಯಕ್ಕೆ ಬಂದ ಹೆಣ್ಣುಮಕ್ಕಳಿಗೆ ಈ ಪ್ರಶ್ನೆ ಕೇಳಲೇಬೇಕು, ಮತ್ತು ಜೊತೆಗೆ ಬಂದವರನ್ನು ಹೊರಗೆ ಕಳಿಸಿ ಕೇಳಬೇಕು.

ಜಸ್ಟಿಸ್ ಬಂದರೆ ಕಾಗದಪತ್ರ ನೋಡಿ. ಆ ಕಾರ್ಡಿನಲ್ಲಿ ಕತ್ತಿಯೂ ತಕ್ಕಡಿಯೂ ಇವೆ, ಕಣ್ಣಿಗೆ ಬಟ್ಟೆ ಇಲ್ಲ. ಪಹಣಿ, ಖಾತೆ, ಆಫರ್ ಲೆಟರ್ ಏನಿದೆಯೋ ಅದನ್ನು ಕೂತು ಪೂರ್ತಿ ಓದಿ. ಮೂನ್ ಬಂದರೆ ಇನ್ನೂ ಬೆಳಕು ಸಾಲದು, ಆ ವಾರ ಸಹಿ ಹಾಕಬೇಡಿ ಅನ್ನುತ್ತೇನೆ. ತ್ರೀ ಆಫ್ ಸ್ವೋರ್ಡ್ಸ್ ಬಂದರೆ ಯಾವ ದಾರಿ ಹಿಡಿದರೂ ಸ್ವಲ್ಪ ನೋವಿದೆ. ಅದನ್ನು ಮುಚ್ಚಿಡದೆ ಹೇಳಿ, ಕೇಳುವವರಿಗೆ ಅದು ಮೊದಲೇ ಗೊತ್ತಿರುತ್ತದೆ. ಫೋರ್ ಆಫ್ ಸ್ವೋರ್ಡ್ಸ್ ಬಂದರೆ ಮೊದಲು ನಿದ್ದೆ ಮಾಡಲಿ.

ಕಾಯುವುದೂ ತೀರ್ಮಾನವೇ?

ಕೆಲವೊಮ್ಮೆ ಹೌದು. ತಿಪಟೂರು ಕಡೆ ಉಂಡೆ ಕೊಬ್ಬರಿ ಮಾಡುವುದನ್ನು ನೀವು ನೋಡಿರಬಹುದು. ಕಾಯಿಯನ್ನು ಒಡೆಯದೆ ಅಟ್ಟದ ಮೇಲೆ ತಿಂಗಳುಗಟ್ಟಲೆ, ಹೆಚ್ಚು ಕಡಿಮೆ ಒಂದು ವರ್ಷ ಇಡುತ್ತಾರೆ. ಒಳಗಿನ ನೀರು ಬತ್ತಿ, ಕೊಬ್ಬರಿ ಚಿಪ್ಪಿನಿಂದ ಬಿಡಬೇಕು. ಅಪ್ಪ ಆಗಾಗ ಅಟ್ಟ ಹತ್ತಿ ಒಂದೊಂದು ಕಾಯಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ನೀರು ಕುಲುಕಿದರೆ ವಾಪಸ್ ಇಡುವುದು. ಉಂಡೆ ಗಡಗಡ ಅಂದರೆ ಇಳಿಸುವುದು.

ಕಾರ್ಡು ‘ಕಾಯಿರಿ’ ಅಂತ ಹೇಳಿತು ಅನ್ನಿಸಿದರೆ ಹೀಗೆ ಕಾಯಬೇಕು. ಏನು ಗೊತ್ತಾಗುವವರೆಗೆ ಕಾಯುತ್ತಿದ್ದೀರಿ ಅಂತ ಒಂದು ಸಾಲು ಬರೆಯಿರಿ: ರಿಸಲ್ಟು, ಬ್ಯಾಂಕಿನ ಉತ್ತರ, ಅತ್ತೆಯ ಆಪರೇಷನ್ನು. ಪಕ್ಕದಲ್ಲಿ ಒಂದು ತಾರೀಖು. ಬರೆಯಲು ಏನೂ ಹೊಳೆಯದಿದ್ದರೆ ನೀವು ಕಾಯುತ್ತಿಲ್ಲ, ತಪ್ಪಿಸಿಕೊಳ್ಳುತ್ತಿದ್ದೀರಿ. ಆಗ ಐದನೆಯ ಕಾರ್ಡಿಗೆ ಹಿಂದಿರುಗಿ.

ಅದೇ ಪ್ರಶ್ನೆಗೆ ಮತ್ತೆ ಮತ್ತೆ ಎಳೆಯಬೇಡಿ

ಎಡಗಡೆ ಹೂ ಬಿದ್ದಾಗ ‘ಸರಿಯಾಗಿ ಇಟ್ಟಿರಲಿಲ್ಲ, ಇನ್ನೊಂದು ಸಲ ಕೇಳೋಣ’ ಅನ್ನುವವರು ಇರುತ್ತಾರಲ್ಲ, ಕಾರ್ಡಿನಲ್ಲೂ ಅದೇ ಆಗುತ್ತದೆ. ರಾತ್ರಿ ಹನ್ನೊಂದಕ್ಕೆ ಕೂತು ಏಳು ಸಲ ಎಳೆದರೆ ಏಳು ಕತೆ ಬರುತ್ತದೆ, ತಲೆ ಇನ್ನಷ್ಟು ಕೆಡುತ್ತದೆ. ಒಂದು ಪ್ರಶ್ನೆಗೆ ಒಂದು ಹಾಸು. ಐದನೆಯ ಕಾರ್ಡು ಹೇಳಿದ ಕೆಲಸ ಮುಗಿಸುವವರೆಗೆ ಇನ್ನೊಂದು ಬೇಡ.

ಆಪರೇಷನ್ ಮಾಡಿಸಲಾ, ಮಾತ್ರೆ ನಿಲ್ಲಿಸಲಾ ಅಂತ ಕೇಳಿದರೆ ನಾನು ಕಟ್ಟನ್ನು ಮುಟ್ಟುವುದಿಲ್ಲ. ಅದು ಡಾಕ್ಟರ ಕೆಲಸ. ಕೋರ್ಟಿನ ವಿಷಯ ವಕೀಲರದ್ದು. ಬದುಕೇ ಬೇಡ ಅನ್ನುವ ಮಾತು ಯಾರ ಬಾಯಲ್ಲಾದರೂ ಬಂದರೆ ಕಾರ್ಡು ಎತ್ತಿಟ್ಟು 14416ಕ್ಕೆ ಫೋನ್ ಹಚ್ಚಿ ಕೊಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ದುಡ್ಡು ಕೊಡಬೇಕಾಗಿಲ್ಲ.

ಕೊನೆಯ ಹೆಜ್ಜೆ

ಹಾಸು ಎತ್ತುವ ಮುಂಚೆ ಐದು ಕಾರ್ಡಿನ ಹೆಸರು, ನಿಮಗೆ ಹೊಳೆದ ಮಾತು, ಮೊದಲ ಕೆಲಸ, ತಾರೀಖು ಇಷ್ಟನ್ನೂ ಹಾಳೆಯಲ್ಲಿ ಬರೆದುಕೊಳ್ಳಿ. ಫೋಟೋ ತೆಗೆದರೆ ಸಾಲದು, ಹೊಳೆದದ್ದು ಫೋಟೋದಲ್ಲಿ ಬರುವುದಿಲ್ಲ. ಮೊದಲ ಕೆಲಸ ಚಿಕ್ಕದಾಗಿರಲಿ, ಏಳು ದಿನದೊಳಗೆ ಮುಗಿಯುವ ಹಾಗಿರಲಿ. ಒಂದು ಫೋನು, ಒಂದು ಭೇಟಿ, ಒಂದು ಕಾಗದ ಓದುವುದು.

ನಮ್ಮ ಬೀದಿಯ ಆ ಹುಡುಗಿ ಬರೆದುಕೊಂಡದ್ದು ‘ಸೋಮವಾರ ಬೆಳಗಿನ ರೈಲಿನಲ್ಲಿ ಒಂದು ಸಲ ಹೋಗಿ ಬರುವುದು’ ಅಂತ. ಹೋಗಿ ಬಂದಳು. ರಾತ್ರಿ ನಮ್ಮ ಮನೆ ಮುಂದೆ ನಿಂತು, ಚಪ್ಪಲಿ ಕೂಡ ಬಿಡದೆ, ‘ಆಂಟಿ, ಹೋಗುವಾಗ ನಿಂತುಕೊಂಡೇ ಹೋದೆ, ಬರುವಾಗ ಸೀಟು ಸಿಕ್ತು’ ಅಂದಳು. ಆ ಹಾಳೆ ಇನ್ನೂ ಅವಳ ಕೈಯಲ್ಲೇ ಇತ್ತು. ಹಿಂಬದಿಗೆ ರೈಲಿನ ಹೊತ್ತು, ಪಾಸಿನ ರೇಟು, ಎರಡು ಪಿಜಿಗಳ ಬಾಡಿಗೆ ಬರೆದುಕೊಂಡಿದ್ದಳು.